ಹಳೇ ಜೀಪಿಗೆ ಹೊಸ ರಿಮ್ಮು: ಅಳತೆ ಕೊರೆಯದ ಚಕ್ರಕ್ಕೆ ದುಡ್ಡು ಕೊಡಬೇಡಿ

ಸಂಪಾದಕರಿಗೆ,

ಮಾನ್ಯರೇ,

50 ವರ್ಷ ದಾಟಿದ ವಾಹನಗಳಿಗೆ ‘ವಿಎ’ ಅಕ್ಷರವಿರುವ ಪ್ರತ್ಯೇಕ ನೋಂದಣಿ ಸಂಖ್ಯೆ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ಮೇಲೆ ಮಲೆನಾಡು, ಕೊಡಗಿನ ತೋಟದ ಶೆಡ್ಡುಗಳಲ್ಲಿ ಮೂಲೆ ಸೇರಿದ್ದ ಜೀಪುಗಳು ಒಂದೊಂದಾಗಿ ಹೊರಗೆ ಬರುತ್ತಿವೆ. ಎಂಜಿನ್ ಬಿಚ್ಚಿ ಕಟ್ಟುವವರು ಸಿಗುತ್ತಾರೆ, ಟಿಂಕರಿಂಗ್ ಮಾಡುವವರೂ ಇದ್ದಾರೆ. ತೊಡಕು ಶುರುವಾಗುವುದು ಚಕ್ರದಲ್ಲಿ. ಟೈರಿನ ಬೀಡು (ರಿಮ್ಮನ್ನು ಕಚ್ಚಿ ಹಿಡಿಯುವ ಒಳ ಅಂಚು) ಕೂರುವ ಜಾಗದಲ್ಲಿ ಹಳೇ ರಿಮ್ಮು ತುಕ್ಕು ತಿಂದು ಸವೆದುಹೋಗಿರುತ್ತದೆ, ಬೇರೆ ಹಾಕಲೇಬೇಕು. ಪೇಟೆಯಲ್ಲಿ ‘ಒರಿಜಿನಲ್ ಮಿಲಿಟರಿ ರಿಮ್’ ಎಂದು ಕೈಗೆ ಕೊಡುವುದರಲ್ಲಿ ಮೂರು ಜಾತಿ: ನಿಜಕ್ಕೂ ಹಳೆಯದು, ಹಳೆಯದಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡೆದದ್ದು, ಹಳೆಯದರ ಮಾದರಿಯಲ್ಲಿ ಹೊಸದಾಗಿ ಮಾಡಿದ್ದು. ನಮ್ಮ ಓಟು ಮೂರನೆಯದಕ್ಕೇ. ಎಷ್ಟು ಏಟು ತಿಂದಿದೆಯೋ ಗೊತ್ತಿಲ್ಲದ ಎಪ್ಪತ್ತೆಂಬತ್ತು ವರ್ಷದ ಉಕ್ಕಿಗಿಂತ ಸರಿಯಾಗಿ ಮಾಡಿದ ಹೊಸ ರಿಮ್ಮು ಎಷ್ಟೋ ವಾಸಿ. ಆದರೆ ಯಾವುದು ಸರಿಯಾಗಿ ಮಾಡಿದ್ದು ಎಂದು ತಿಳಿಯಲು ಅದರ ಮೇಲೆ ಒಂದು ಅಂಕಿಯೂ ಇರುವುದಿಲ್ಲ. ಈ ಪತ್ರದ ತಕರಾರು ಅದೇ.

ಮೊದಲು, ಯಾವ ಜೀಪಿಗೆ ಯಾವ ರಿಮ್ಮು. ಯುದ್ಧಕಾಲದ ವಿಲ್ಲಿಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯು ಜೀಪುಗಳಲ್ಲಿ 1941ರ ಕೊನೆ, 1942ರ ಆರಂಭದವಕ್ಕೆ 16 ಅಂಗುಲ ವ್ಯಾಸ, 4 ಅಂಗುಲ ಅಗಲದ ಒಂದೇ ತುಂಡಿನ ರಿಮ್ಮು ಬಂತು. ಆಮೇಲಿನವಕ್ಕೆ ಎರಡು ಭಾಗ ಮಾಡಿ ನಟ್ಟಿನಿಂದ ಬಿಗಿದ, ನಾಲ್ಕೂವರೆ ಅಂಗುಲ ಅಗಲದ ‘ಕಾಂಬ್ಯಾಟ್’ ರಿಮ್ಮು. ಯುದ್ಧ ಮುಗಿದು 1945ರಲ್ಲಿ ನಾಗರಿಕ ಮಾದರಿ ಸಿಜೆ-2ಎ ಬಂದಾಗ ಮತ್ತೆ ಒಂದೇ ತುಂಡಿನದು, ಅಗಲ ಮಾತ್ರ ನಾಲ್ಕೂವರೆಯೇ. ಮಹೀಂದ್ರ ಇಲ್ಲಿ ದಶಕಗಟ್ಟಲೆ ಮಾಡಿದ ಸಿಜೆ-3ಬಿಗೂ ಅದೇ. ಎಲ್ಲದಕ್ಕೂ ಟೈರು 6.00-16. ಅಂದರೆ ನಮ್ಮ ತೋಟಗಳಲ್ಲಿ ಕಾಫಿ ಮೂಟೆ ಹೊತ್ತ ಮಹೀಂದ್ರ ಜೀಪಿಗೆ ಕಾಂಬ್ಯಾಟ್ ರಿಮ್ಮು ಹಾಕಿ ‘ಒರಿಜಿನಲ್ ಮಾಡಿಸಿದೆ’ ಎನ್ನುವುದು ಮದುಮಗನಿಗೆ ಸೈನಿಕನ ಬೂಟು ತೊಡಿಸಿದ ಹಾಗೆ. ಚೆಂದ ಕಾಣಬಹುದು, ಅವನದಲ್ಲ.

ಕೊಳ್ಳುವ ಮುನ್ನ ಹಿಡಿಯಬೇಕಾದ ಅಳತೆಗಳಲ್ಲಿ ಮೊದಲನೆಯದು ಸ್ಟಡ್ ತೂತುಗಳ ವೃತ್ತ. ಸ್ಟಡ್ಡು ಎಂದರೆ ಹಬ್ಬಿನಿಂದ (ಚಕ್ರ ಬಿಗಿಯುವ ನಡುಗುಂಭದಿಂದ) ಹೊರಚಾಚಿದ ಬೋಲ್ಟು. ಜೀಪಿಗೆ ಐದು ಸ್ಟಡ್ಡು, ವೃತ್ತದ ವ್ಯಾಸ ಐದೂವರೆ ಅಂಗುಲ, ಅಂದರೆ 139.7 ಮಿ.ಮೀ. ಐದು ತೂತಿರುವಾಗ ಒಂದಕ್ಕೆ ನೇರ ಎದುರಾಗಿ ಇನ್ನೊಂದು ಇರುವುದಿಲ್ಲ, ಹಾಗಾಗಿ ಟೇಪು ಅಡ್ಡ ಹಿಡಿದು ಅಳೆದರೆ ಪ್ರತಿ ಸಲ ಒಂದೊಂದು ಅಂಕಿ ಬರುತ್ತದೆ. ಸುಲಭದ ದಾರಿ: ವರ್ನಿಯರ್ ತಗೊಂಡು ಒಂದು ತೂತಿನ ಎಡ ಅಂಚಿನಿಂದ ಪಕ್ಕದ ತೂತಿನ ಎಡ ಅಂಚಿಗೆ ಅಳೆಯಿರಿ. 82.1 ಮಿ.ಮೀ. ಬರಬೇಕು. ಐದೂ ಕಡೆ ಅಳೆಯಿರಿ. ನಾಲ್ಕು ಕಡೆ ಸರಿಯಿದ್ದು ಐದನೆಯದು 82.8 ಬಂದರೆ ಅದು ಗುರುತು ಹಾಕಿ ಡ್ರಿಲ್ಲು ಕೊರೆದ ಮಾಲು, ಡೈಯಲ್ಲಿ ಹೊಡೆದದ್ದಲ್ಲ. ಅಂಥ ರಿಮ್ಮು ಹಬ್ಬಿಗೆ ಹತ್ತುತ್ತದೆ, ನಟ್ಟು ಬಿಗಿಯಾದಂತೆಯೂ ಅನಿಸುತ್ತದೆ. ಆದರೆ ಒಂದು ಸ್ಟಡ್ಡು ಸದಾ ಅಡ್ಡಕ್ಕೆ ಎಳೆಸಿಕೊಂಡೇ ಇರುತ್ತದೆ. ಮುರಿಯುವುದು ಅದೇ.

ಇದೇ 139.7 ಅಳತೆ ಮಾರುತಿ ಜಿಪ್ಸಿಗೂ ಇರುವುದರಿಂದ ‘ಜಿಪ್ಸಿ ರಿಮ್ಮು ಹಾಕ್ಕೊಳ್ಳಿ, ಕೂರುತ್ತೆ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ತೂತು ಕೂರುವುದು ನಿಜ. ಆದರೆ ಅದು 15 ಅಂಗುಲದ್ದು, ಅಗಲ ಬೇರೆ, ಡಿಸ್ಕು (ಸ್ಟಡ್ ತೂತುಗಳಿರುವ ನಡುವಿನ ತಟ್ಟೆ) ಒಳಗೆ ಕೂರುವ ಆಳವೂ ಬೇರೆ. ನಟ್ಟಿನ ವಿಷಯ ಇನ್ನೂ ಅಪಾಯದ್ದು. ಜೀಪಿನ ಸ್ಟಡ್ಡು ಅರ್ಧ ಅಂಗುಲ, ಅಂಗುಲಕ್ಕೆ 20 ಸುತ್ತು. ಲೆಕ್ಕ ಹಾಕಿದರೆ 12.7 ಮಿ.ಮೀ. ದಪ್ಪ, 1.27 ಮಿ.ಮೀ. ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ದೂರ). ಜಿಪ್ಸಿಯದು 12 ಮಿ.ಮೀ. ದಪ್ಪ, 1.25 ಪಿಚ್. ಪಿಚ್ ಹೆಚ್ಚುಕಡಿಮೆ ಒಂದೇ ಆದ್ದರಿಂದ ಜೀಪಿನ ನಟ್ಟು ಜಿಪ್ಸಿ ಸ್ಟಡ್ಡಿನ ಮೇಲೆ ಬೆಣ್ಣೆಯಂತೆ ಓಡುತ್ತದೆ. ಓಡುವುದೇ ದೋಷ: ಮರೆಯ (ಥ್ರೆಡ್ಡಿನ) ತುದಿ ಮಾತ್ರ ಕಚ್ಚಿಕೊಂಡಿರುತ್ತದೆ, ಬಿಗಿ ಹಾಕಿದ ದಿನ ತಾಳಿ ಇಳಿಜಾರಿನಲ್ಲಿ ಬ್ರೇಕು ಒತ್ತಿದ ದಿನ ಉದುರುತ್ತದೆ. ಬೇರೆ ಬೇರೆ ಗಾಡಿಯ ಹಬ್ಬು, ನಟ್ಟು ಬೆರೆತಿರುವ ಜೀಪುಗಳಲ್ಲಿ ಪ್ರತಿ ಸ್ಟಡ್ಡಿಗೂ ಥ್ರೆಡ್ ಗೇಜು ಇಟ್ಟೇ ನೋಡಬೇಕು.

ಎರಡನೆಯ ಅಳತೆ ಆಫ್‌ಸೆಟ್. ಹಬ್ಬಿಗೆ ತಾಗುವ ಮುಖ ರಿಮ್ಮಿನ ಅಗಲದ ನಡುಗೆರೆಯಿಂದ ಎಷ್ಟು ದೂರವಿದೆ ಎಂಬ ಲೆಕ್ಕ ಇದು. ಕೊಳ್ಳುವವರು ಕೇಳದಿರುವುದು, ಮಾರುವವರು ಹೇಳದಿರುವುದು ಇದನ್ನೇ. ನಿಮ್ಮ ಹಳೇ ರಿಮ್ಮು ಎಷ್ಟೇ ತುಕ್ಕು ಹಿಡಿದಿರಲಿ, ಗುಜರಿಗೆ ಹಾಕಬೇಡಿ. ಇದಕ್ಕೆ ಅದೇ ಸಾಕ್ಷಿ. ಟೈರು ತೆಗೆದ ರಿಮ್ಮನ್ನು ಒಳಮುಖ ಮೇಲಾಗಿ ನೆಲದ ಮೇಲೆ ಮಲಗಿಸಿ. ಅಂಚಿನಿಂದ ಅಂಚಿಗೆ ಒಂದು ಮಟ್ಟಗೋಲು ಅಡ್ಡ ಇಟ್ಟು, ಅದರಿಂದ ಕೆಳಗೆ ಹಬ್ಬಿಗೆ ತಾಗುವ ಡಿಸ್ಕಿನ ಮುಖದವರೆಗಿನ ಆಳ ಅಳೆಯಿರಿ. ಆಮೇಲೆ ರಿಮ್ಮಿನ ಒಟ್ಟು ಹೊರ ಅಗಲ ಅಳೆದು ಅರ್ಧ ಮಾಡಿ, ಆಳದಿಂದ ಕಳೆಯಿರಿ. ನಾಲ್ಕೂವರೆ ಅಂಗುಲ ಎನ್ನುವುದು ಬೀಡು ಕೂರುವ ಒಳ ಅಗಲ. ಎರಡೂ ಅಂಚು ಸೇರಿದರೆ ಹೊರಗಿಂದ 140 ಮಿ.ಮೀ. ಆಸುಪಾಸು ಬರುತ್ತದೆ. ಆಳ 100 ಬಂದಿತು ಎನ್ನಿ, 70 ಕಳೆದರೆ ಆಫ್‌ಸೆಟ್ 30. ಇದು ಲೆಕ್ಕದ ರೀತಿ ತೋರಿಸಲು ಹೇಳಿದ್ದು. ನಿಮ್ಮ ಜೀಪಿನ ಅಂಕಿಯನ್ನು ನಿಮ್ಮ ರಿಮ್ಮಿನಿಂದಲೇ ತೆಗೆಯಿರಿ. ಹೊಸದು ಅದಕ್ಕೆ ಮೂರು ಮಿ.ಮೀ. ಆಚೀಚೆ ಇದ್ದರೆ ಚಿಂತೆಯಿಲ್ಲ. ಇಪ್ಪತ್ತು ಮಿ.ಮೀ. ಕಡಿಮೆಯಿದ್ದರೆ ಚಕ್ರ ಅಷ್ಟು ಹೊರಗೆ ಚಾಚುತ್ತದೆ.

ಚಾಚಿದರೇನು ಎನ್ನುವವರಿಗೆ: ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವುದು ಕಿಂಗ್‌ಪಿನ್ನಿನ ಗೆರೆಯ ಸುತ್ತ. ಟೈರಿನ ನಡುಭಾಗ ಆ ಗೆರೆಯಿಂದ ದೂರವಾದಷ್ಟೂ ಪ್ರತಿ ಕಲ್ಲೂ ಸ್ಟೀರಿಂಗಿಗೆ ಸನ್ನೆಗೋಲಿನಂತೆ ಏಟು ಕೊಡುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಜೀಪಿನಲ್ಲಿ ಅದು ನೇರ ಮುಂಗೈಗೆ. ಜತೆಗೆ ಹಬ್ಬಿನ ಹೊರ ಬೇರಿಂಗಿಗೆ ಹೊರೆ ಏರುತ್ತದೆ, ಕಿಂಗ್‌ಪಿನ್ ಬೇರಿಂಗು ಸವೆಯುತ್ತದೆ, ಐವತ್ತರ ವೇಗಕ್ಕೆ ಸ್ಟೀರಿಂಗು ಕುಣಿಯತೊಡಗುತ್ತದೆ. ಕುಣಿತಕ್ಕೆ ಡ್ಯಾಂಪರ್ (ಅದುರು ತಡೆಯುವ ಸಾಧನ) ಹಾಕಿಸಿ ತೆಪ್ಪಗಾಗುವವರು ಬಹಳ. ರಿಮ್ಮಿನ ತಪ್ಪು ಅಲ್ಲಿಗೆ ಮುಚ್ಚಿಹೋಗುತ್ತದೆ ಅಷ್ಟೆ.

ಬೀಡು ಕೂರುವ ಸುತ್ತಳತೆಯನ್ನೂ ನೋಡಿ. 16 ಅಂಗುಲದ ರಿಮ್ಮಿನಲ್ಲಿ ಬೀಡಿನ ಜಾಗದ ವ್ಯಾಸ 405.6 ಮಿ.ಮೀ. ಇರಬೇಕು, ಸುತ್ತಳತೆ 1274 ಮಿ.ಮೀ. ತೆಳು ಉಕ್ಕಿನ ಟೇಪನ್ನು ಅಂಚಿಗೆ ಒತ್ತಿ ಸುತ್ತಿದರೆ ಸಾಕು. ಮೂರ್ನಾಲ್ಕು ಮಿ.ಮೀ. ಕಡಿಮೆ ಬಂದರೆ ಬ್ರೇಕು ಹಾಕಿದಾಗ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಒಳಗಿನ ಟ್ಯೂಬು ಎಳೆದುಕೊಂಡು ವಾಲ್ವು ಬುಡದಲ್ಲಿ ಹರಿಯುತ್ತದೆ. ಪಂಚರ್ ಅಂಗಡಿಯವರು ‘ಟ್ಯೂಬು ಸರಿಯಿಲ್ಲ’ ಎನ್ನುತ್ತಾರೆ. ಮೂರು ಟ್ಯೂಬು ಬದಲಿಸಿದ ಮೇಲೂ ವಾಲ್ವು ಓರೆಯಾಗಿ ನಿಂತಿದ್ದರೆ ಟ್ಯೂಬನ್ನು ಬೈಯುವುದು ಬಿಟ್ಟು ರಿಮ್ಮು ಅಳೆಯಿರಿ.

ಇನ್ನು ತಗಡು ಮತ್ತು ಬೆಸುಗೆ. ಅಂಗಡಿಯಲ್ಲಿ ನಿಂತು ಡಿಸ್ಕಿನ ದಪ್ಪ ನೋಡಲು ಒಳ್ಳೆಯ ಜಾಗ ಎಂದರೆ ನಡುವಿನ ದೊಡ್ಡ ತೂತಿನ ಅಂಚು. ವರ್ನಿಯರ್ ಅಲ್ಲಿ ಸಲೀಸಾಗಿ ಹಿಡಿಯುತ್ತದೆ. ನಿಮ್ಮ ಹಳೆಯದರ ಅಂಕಿ ಜೇಬಿನಲ್ಲಿರಲಿ. ತೂಕದ ಲೆಕ್ಕವೂ ಮೋಸ ಮಾಡುವುದಿಲ್ಲ: ಹಳೆಯದನ್ನು ಕಾಫಿ ತೂಗುವ ತಕ್ಕಡಿಗೆ ಹಾಕಿ ಬರೆದಿಟ್ಟುಕೊಂಡಿರಿ, ಹೊಸದು ಅದಕ್ಕಿಂತ ಒಂದು ಕೆ.ಜಿ.ಗೂ ಹೆಚ್ಚು ಹಗುರವಾಗಿದ್ದರೆ ಆ ಉಕ್ಕು ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ. ತೆಳು ತಗಡಿನ ಡಿಸ್ಕು ಮೊದಲ ದಿನವೇ ಬಾಗುವುದಿಲ್ಲ. ತಿರುವಿನಲ್ಲಿ ಪ್ರತಿ ಸುತ್ತಿಗೂ ಒಮ್ಮೆ ಆಚೆ, ಒಮ್ಮೆ ಈಚೆ ಬಾಗಿ ಬಾಗಿ, ಸ್ಟಡ್ ತೂತಿನ ಅಂಚಿನಿಂದ ಕೂದಲೆಳೆ ಬಿರುಕು ಹೊರಡುತ್ತದೆ. ಬಣ್ಣದ ಮೇಲೆ ಕಂದು ಗೆರೆಯೊಂದು ಎದ್ದು ಕಂಡಾಗ ಒಳಗೆ ಬಿರುಕು ಆಗಲೇ ಬೆಳೆದಿರುತ್ತದೆ. ಅದಕ್ಕೆ ಬೆಸುಗೆ ಹಾಕಿಸಬೇಡಿ. ಬೆಸುಗೆಯ ಪಕ್ಕದಲ್ಲೇ ಇನ್ನೊಂದು ಹುಟ್ಟುತ್ತದೆ.

ಡಿಸ್ಕು ರಿಮ್ಮಿಗೆ ಸೇರುವಲ್ಲಿ ಬೆಸುಗೆ ಒಂದೇ ಸಮನೆ ಮೀನಿನ ಹುರುಪೆಯಂತೆ ಹರಿದಿರಬೇಕು. ಗಂಟುಗಂಟಾಗಿದ್ದರೆ, ಬೆಸುಗೆಯ ದಡದಲ್ಲಿ ತಗಡು ಕೊರೆದ ಹಾಗೆ ಗುಳಿ ಬಿದ್ದಿದ್ದರೆ ಅದು ಬೇಡ. ಇಡೀ ಸುತ್ತನ್ನು ಒಂದೇ ಉಸಿರಿಗೆ ಬೆಸೆದರೆ ಕಾವಿಗೆ ರಿಮ್ಮು ಸೊಟ್ಟಗಾಗುತ್ತದೆ. ತಿಳಿದವರು ಎದುರುಬದುರು ತುಂಡು ತುಂಡಾಗಿ ಬೆಸೆಯುತ್ತಾರೆ. ಪುಟ್ಟಿ ಮೆತ್ತಿದ ಹಳೇ ರಿಮ್ಮನ್ನು ಹಿಡಿಯಲು ಜೇಬಿನಲ್ಲೊಂದು ಸಣ್ಣ ಅಯಸ್ಕಾಂತವಿದ್ದರೆ ಸಾಕು. ಬೀಡಿನ ಜಾಗದುದ್ದಕ್ಕೂ ಸವರಿಕೊಂಡು ಹೋಗಿ, ಹಿಡಿತ ಸಡಿಲವಾದ ಕಡೆ ಪುಟ್ಟಿಯಿದೆ. ಸ್ಪ್ಯಾನರಿನಿಂದ ತಟ್ಟಿದರೆ ಒಳ್ಳೆಯ ರಿಮ್ಮು ಗಂಟೆಯ ಹಾಗೆ ‘ಠಣ್’ ಎನ್ನುತ್ತದೆ, ಬಿರುಕು ಬಿಟ್ಟದ್ದು ಒಡಕು ಮಡಕೆಯ ದನಿ ಕೊಡುತ್ತದೆ.

ನಟ್ಟು ಕೂರುವ ಕೋನಿನ (ಶಂಕುವಿನಾಕಾರದ ಗುಳಿಯ) ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊಸದಾಗಿ ಮಾಡಿದ ರಿಮ್ಮುಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಜೀಪಿನ ನಟ್ಟಿನ ಮೂತಿ 60 ಡಿಗ್ರಿಯ ಕೋನು. ಹಳೇ ರಿಮ್ಮಿನಲ್ಲಿ ಸ್ಟಡ್ ತೂತಿನ ಸುತ್ತ ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಸಣ್ಣ ಬಟ್ಟಲಿನಂತೆ ಎಬ್ಬಿಸಿರುತ್ತಾರೆ. ನಟ್ಟು ಬಿಗಿಯಾದಾಗ ಆ ಬಟ್ಟಲು ಸ್ಪ್ರಿಂಗಿನಂತೆ ತುಸು ಅಮುಕಿಕೊಂಡು ನಟ್ಟನ್ನು ಹಿಂದಕ್ಕೆ ತಳ್ಳುತ್ತಲೇ ಇರುತ್ತದೆ. ನಟ್ಟು ಸಡಿಲವಾಗದಿರುವ ಗುಟ್ಟು ಅಲ್ಲಿದೆ. ಚಪ್ಪಟೆ ತಗಡಿಗೆ ತೂತು ಕೊರೆದು ಅಂಚನ್ನು ಮಾತ್ರ ಇಳಿಜಾರು ಮಾಡಿದ ರಿಮ್ಮಿನಲ್ಲಿ ಆ ಸ್ಪ್ರಿಂಗು ಇರುವುದಿಲ್ಲ. ಕೋನಿನ ಓರೆ ಸರಿಯಿದೆಯೇ ಎಂದು ನೋಡಲು ನಟ್ಟಿನ ಮೂತಿಗೆ ಪ್ರಷ್ಯನ್ ಬ್ಲೂ (ತಾಗಿದ ಜಾಗದ ಗುರುತು ಮೂಡಿಸುವ ನೀಲಿ ಬಣ್ಣ) ತೆಳ್ಳಗೆ ಹಚ್ಚಿ, ಕೈಯಲ್ಲೇ ಬಿಗಿದು, ಬಿಚ್ಚಿ ನೋಡಿ. ತೂತಿನ ಗೋಡೆಯ ಮೇಲೆ ಅಗಲವಾದ ನೀಲಿ ಪಟ್ಟಿ ಪೂರ್ತಿ ಸುತ್ತು ಬಂದಿರಬೇಕು. ದಾರದಂಥ ಗೆರೆ ಮಾತ್ರ ಬಿದ್ದಿದ್ದರೆ ನಟ್ಟು ಅಂಚಿನ ಮೇಲೆ ನಿಂತಿದೆ, ಕೂತಿಲ್ಲ.

ಪೌಡರ್ ಕೋಟಿಂಗ್ ಬಗ್ಗೆಯೂ ಒಂದು ಮಾತು. ಹೊಳಪು ಚೆನ್ನಾಗಿರುತ್ತದೆ, ಮಳೆನಾಡಿಗೆ ಒಳ್ಳೆಯದೇ. ಆದರೆ ಹಬ್ಬಿಗೆ ತಾಗುವ ಮುಖದ ಮೇಲೂ ಕೋನಿನೊಳಗೂ ಅದು ದಪ್ಪಗೆ ಕೂತರೆ, ನಟ್ಟು ಬಿಗಿದದ್ದು ಉಕ್ಕಿನ ಮೇಲಲ್ಲ, ಬಣ್ಣದ ಮೇಲೆ. ನೂರು ಕಿ.ಮೀ. ಓಡುವಷ್ಟರಲ್ಲಿ ಬಣ್ಣ ಅಮುಕಿ ಪುಡಿಯಾಗಿ ನಟ್ಟು ಸಡಿಲ. ಕೋಟಿಂಗಿಗೆ ಕೊಡುವಾಗಲೇ ಆ ಎರಡು ಜಾಗಕ್ಕೆ ಟೇಪು ಹಚ್ಚಿಸಿ. ಆಗಿಹೋಗಿದ್ದರೆ ಉಜ್ಜಿ ತೆಗೆದು ತೆಳುವಾಗಿ ಪ್ರೈಮರ್ ಮಾತ್ರ ಬಿಡಿ. ವಾಲ್ವಿನ ತೂತಿನ ಒಳ ಅಂಚನ್ನು ಬೆರಳಿನಿಂದ ಸವರಿ ನೋಡಿ, ಚೂಪಿದ್ದರೆ ಅರ ಹಾಕಿ. ಟ್ಯೂಬು ಉಳಿಯುತ್ತದೆ.

ಸೊಟ್ಟ ಪರೀಕ್ಷೆಯನ್ನು ಟೈರು ಹಾಕುವ ಮೊದಲೇ ಮಾಡಿ, ಆಮೇಲೆ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ಜೀಪಿನ ಮುಂಭಾಗ ಜಾಕಿ ಕೊಟ್ಟು ಎತ್ತಿ, ಹಬ್ಬಿನ ಬೇರಿಂಗಿನಲ್ಲಿ ಆಟವಿಲ್ಲವೆಂದು ನೋಡಿಕೊಂಡು, ಬರೀ ರಿಮ್ಮು ಕೂರಿಸಿ. ಡಯಲ್ ಗೇಜು ಇದ್ದರೆ ಸರಿ, ಇಲ್ಲದಿದ್ದರೆ ಮರದ ತುಂಡೊಂದಕ್ಕೆ ಗಟ್ಟಿ ತಂತಿ ಕಟ್ಟಿ ಬೀಡಿನ ಜಾಗದ ಹತ್ತಿರ ತುದಿ ನಿಲ್ಲಿಸಿ ನಿಧಾನ ತಿರುಗಿಸಿ. ಪಕ್ಕಕ್ಕಾಗಲಿ ಮೇಲೆ-ಕೆಳಗಾಗಲಿ ಒಟ್ಟು ಏರಿಳಿತ ಒಂದೂವರೆ ಮಿ.ಮೀ. ಒಳಗಿದ್ದರೆ ನಾವು ಒಪ್ಪುತ್ತೇವೆ. ಹೆಚ್ಚಿದ್ದರೆ ರಿಮ್ಮನ್ನು ದೂರುವ ಮುನ್ನ ಬಿಚ್ಚಿ ಒಂದು ಸ್ಟಡ್ಡಿನಷ್ಟು ತಿರುಗಿಸಿ ಹಾಕಿ. ಉಬ್ಬು ರಿಮ್ಮಿನ ಜತೆ ಸರಿದರೆ ತಪ್ಪು ರಿಮ್ಮಿನದು. ಇದ್ದಲ್ಲೇ ಇದ್ದರೆ ನಿಮ್ಮ ಹಬ್ಬಿನದು.

ಬಿಗಿಯುವಾಗ ಹಳೇ ಜೀಪಿನ ಎಡಬದಿಯ ಸ್ಟಡ್ಡುಗಳನ್ನು ಮರೆಯಬೇಡಿ. ಅವು ಎಡ ಮರೆಯವು, ಎಡಕ್ಕೆ ತಿರುಗಿಸಿದರೆ ಬಿಗಿ, ಬಲಕ್ಕೆ ತಿರುಗಿಸಿದರೆ ಸಡಿಲ. ಸ್ಟಡ್ಡಿನ ತುದಿಯಲ್ಲಿ ‘ಎಲ್’ ಅಕ್ಷರ ನೋಡಬಹುದು. ಗಾಳಿಗನ್ನು ಹಿಡಿದ ಹುಡುಗ ಇದನ್ನು ಅರಿಯದೆ ಐದಕ್ಕೆ ಐದೂ ಮುರಿದಿಟ್ಟರೆ ಅವನ ತಪ್ಪಲ್ಲ, ಮೊದಲೇ ಹೇಳಬೇಕಾದವರು ನೀವು. ಒಂದು ಬಿಟ್ಟು ಒಂದರಂತೆ ನಕ್ಷತ್ರದ ಕ್ರಮದಲ್ಲಿ, 65ರಿಂದ 70 ಅಡಿ-ಪೌಂಡ್ ಬಿಗಿ ಸಾಕು, ಅಂದರೆ ಸುಮಾರು 90 ನ್ಯೂಟನ್ ಮೀಟರ್. ಸ್ಪ್ಯಾನರಿನ ಮೇಲೆ ಹತ್ತಿ ನಿಲ್ಲುವ ಅಭ್ಯಾಸ ಬಿಡಿ. 50 ಕಿ.ಮೀ. ಆದ ಮೇಲೊಮ್ಮೆ, 200 ಕಿ.ಮೀ. ಆದ ಮೇಲೊಮ್ಮೆ ಮತ್ತೆ ಪರೀಕ್ಷಿಸಿ. ಕೊಳ್ಳುವುದಾದರೆ ಸ್ಟೆಪ್ನಿ ಸೇರಿಸಿ ಐದನ್ನೂ ಒಂದೇ ಸಲ, ಒಂದೇ ಕಡೆ ತಯಾರಾದದ್ದನ್ನೇ ಕೊಳ್ಳಿ.

ಹಳೇ ಡಿಸ್ಕು ಗಟ್ಟಿಯಿದ್ದು ಹೊರಗಿನ ಬಳೆ ಮಾತ್ರ ತುಕ್ಕು ತಿಂದಿದ್ದರೆ ಇನ್ನೊಂದು ದಾರಿಯಿದೆ: ಡಿಸ್ಕನ್ನು ಬಿಡಿಸಿ, ಲೇತಿನಲ್ಲಿ ಅಂಚು ಮಟ್ಟ ಮಾಡಿ, ಹೊಸ ಬಳೆಗೆ ಕೂರಿಸುವುದು. ಸ್ಟಡ್ ತೂತು, ಕೋನು ಎಲ್ಲ ಮೂಲದ್ದೇ ಉಳಿಯುತ್ತದೆ, ಆಫ್‌ಸೆಟ್ ನಿಮ್ಮ ಕೈಯಲ್ಲಿರುತ್ತದೆ. ಆದರೆ ಹಬ್ಬಿನಂಥದೇ ಒಂದು ಅಚ್ಚಿಗೆ ಬಿಗಿದು ಬೆಸೆಯುವವರ ಬಳಿ ಮಾತ್ರ ಕೊಡಿ. ಕಣ್ಣಳತೆಯಲ್ಲಿ ಬೆಸೆದದ್ದು ಎತ್ತಿನ ಗಾಡಿಗೂ ಆಗದು.

ಕಾಂಬ್ಯಾಟ್ ರಿಮ್ಮಿನ ಮಾತು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ಅದರ ಮುಖದಲ್ಲಿ ಎರಡು ಸುತ್ತು ನಟ್ಟುಗಳು ಕಾಣುತ್ತವೆ. ಒಳಸುತ್ತಿನ ಐದು ಚಕ್ರವನ್ನು ಹಬ್ಬಿಗೆ ಹಿಡಿದವು. ಹೊರಸುತ್ತಿನ ಎಂಟು ರಿಮ್ಮಿನ ಎರಡು ಹೋಳುಗಳನ್ನು ಒಂದಕ್ಕೊಂದು ಹಿಡಿದವು. ಟೈರಿನಲ್ಲಿ ಗಾಳಿಯಿರುವಾಗ ಹೊರಗಿನ ಎಂಟನ್ನು ಬಿಚ್ಚಿದರೆ, ಚದರ ಅಂಗುಲಕ್ಕೆ 30 ಪೌಂಡಿನಂತೆ ಇಡೀ ಸುತ್ತಿಗೆ ಟನ್ ಲೆಕ್ಕದಲ್ಲಿ ತಳ್ಳುತ್ತಿರುವ ಒತ್ತಡ ಹೊರ ಹೋಳನ್ನು ಮುಂದೆ ಕೂತವನ ಮುಖಕ್ಕೆ ಎಸೆಯುತ್ತದೆ. ಸೈನ್ಯದಲ್ಲಿ ಅದನ್ನು ಬಳಸಲು ಕಾರಣವಿತ್ತು. ಒಳಗೊಂದು ಉಕ್ಕಿನ ಬಳೆ ಬೀಡುಗಳನ್ನು ಒತ್ತಿ ಹಿಡಿದಿರುತ್ತಿತ್ತು, ಗಾಳಿ ಹೋದರೂ ಟೈರು ಕಳಚದೆ ಗಾಡಿ ಓಡುತ್ತಿತ್ತು. ಟೈರು ಬಿಚ್ಚಲು ಲಿವರೂ ಬೇಡ. ಈಗ ಮಾಡುವ ನಕಲಿನ ಜತೆ ಆ ಬಳೆ ಬಾರದಿರುವುದೇ ಹೆಚ್ಚು, ಅಂದರೆ ಲಾಭ ಹೋಯಿತು, ಅಪಾಯ ಉಳಿಯಿತು. ಯುದ್ಧಕಾಲದ ಜೀಪನ್ನು ಇದ್ದಂತೆ ಉಳಿಸುವವರು ಹಾಕಲಿ. ದಿನಾ ತೋಟಕ್ಕೆ ಓಡಿಸುವ ಜೀಪಿಗೆ ಒಂದೇ ತುಂಡಿನದೇ ಸರಿ. ಹಾಕಿದವರು ಎಂಟು ನಟ್ಟುಗಳಿಗೂ ಕೆಂಪು ಬಣ್ಣ ಹಚ್ಚಿ, ಪಂಚರ್ ಅಂಗಡಿಗೆ ಒಪ್ಪಿಸುವಾಗ ವಾಲ್ವಿನ ಪಿನ್ನು ನೀವೇ ತೆಗೆದು ಜೇಬಿಗೆ ಹಾಕಿಕೊಳ್ಳಿ. ಹೋಳುಗಳು ಕೂಡುವ ಮುಖದಲ್ಲಿ ಬೆಳಕು ತೂರುವಷ್ಟು ಸಂದಿಯಿದ್ದರೆ ಆ ರಿಮ್ಮಿಗೆ ಗಾಳಿ ಹೊಡೆಯಲೇಬಾರದು.

ಕಾರಿನ ಚಕ್ರಗಳಿಗೆ ಐಎಸ್ 9436 ಎಂಬ ಭಾರತೀಯ ಮಾನಕವಿದೆ. ಡಿಸ್ಕು ಬಾಗಿಸುವ ಭಾರ ಹಾಕಿ ತಿರುಗಿಸುವ ಪರೀಕ್ಷೆ, ಟೈರಿನ ಮೂಲಕ ಭಾರ ಹೇರಿ ಉರುಳಿಸುವ ಪರೀಕ್ಷೆ ಎರಡೂ ಅದರಲ್ಲಿವೆ. ಹಳೇ ಗಾಡಿಗೆ ನೂರಿನ್ನೂರು ರಿಮ್ಮು ಮಾಡುವ ಸಣ್ಣ ಶೆಡ್ಡಿನವರು ಅಷ್ಟು ಖರ್ಚು ಹೊರುವುದು ಕಷ್ಟ ಎನ್ನುವುದು ನಮಗೂ ಗೊತ್ತು. ಹರಿಯಾಣದ ಡಬ್ವಾಲಿಯ ಜೀಪು ಪೇಟೆಯಿಂದ ತರಿಸುವವರಿಗೂ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕುವವರಿಗೂ ಸದ್ಯ ಇರುವ ದಾರಿ ಕೈಯಲ್ಲಿ ವರ್ನಿಯರ್ ಹಿಡಿದು ಹೋಗುವುದೊಂದೇ. ತಯಾರಕರಿಂದ ನಾವು ಕೇಳುವುದು ಐದೇ ಅಂಕಿ: ವ್ಯಾಸ ಮತ್ತು ಅಗಲ, ಸ್ಟಡ್ ವೃತ್ತ, ಆಫ್‌ಸೆಟ್, ಡಿಸ್ಕಿನ ದಪ್ಪ, ತಯಾರಾದ ತಿಂಗಳು-ವರ್ಷ, ಜತೆಗೆ ತಮ್ಮದೊಂದು ಗುರುತು. ಫೋರ್ಡ್ ಜೀಪಿನ ಭಾಗಗಳ ಮೇಲಿದ್ದ ‘ಎಫ್’ ಅಕ್ಷರವನ್ನು ನಕಲು ಮಾಡಿ ಕೊರೆಯಲು ಪಂಚು ಇದೆ ಎಂದ ಮೇಲೆ ಸ್ವಂತ ಗುರುತು ಕೊರೆಯಲೂ ಇರಲೇಬೇಕಲ್ಲ. ಕೊರೆಯುವಾಗ ಸ್ಟಡ್ ತೂತಿನ ಹತ್ತಿರ ಮಾತ್ರ ಬೇಡ, ಪಂಚಿನ ಏಟಿನಿಂದಲೇ ಬಿರುಕು ಹೊರಟೀತು. ಡಿಸ್ಕಿನ ಹೊರಮುಖದಲ್ಲಿ, ಬೆಸುಗೆಯಿಂದ ಎರಡು ಬೆರಳು ಒಳಗೆ, ಬಣ್ಣ ಹೊಡೆದ ಮೇಲೂ ಓದುವಷ್ಟು ಆಳಕ್ಕೆ ಇರಲಿ.

ಇಂತಿ,
ಹಳೇ ಜೀಪುಗಳ ರಿಪೇರಿ ಮಾಡುವ ಕೆಲವರು,
ಸಕಲೇಶಪುರ